ಹೊಸ ಎಂಜಿನ್ನಿಗೆ ಹಳೆಯ ರೇಡಿಯೇಟರ್: ಫರಂಗಿಪೇಟೆಯ ಶೆಡ್ಡಿನಲ್ಲಿ ಒಂದು ಸುತ್ತು

ಮಂಗಳೂರಿನ ಪಡೀಲು ದಾಟಿ ರಾಷ್ಟ್ರೀಯ ಹೆದ್ದಾರಿ 75ರಲ್ಲಿ ಬಿ.ಸಿ.ರೋಡಿನ ಕಡೆಗೆ ಹೊರಟರೆ ಅಡ್ಯಾರು, ವಳಚ್ಚಿಲ್, ಅರ್ಕುಳಗಳ ನಂತರ ಸಿಗುವ ಪೇಟೆ ಫರಂಗಿಪೇಟೆ. ಬಂಟ್ವಾಳ ತಾಲೂಕಿನ ಪುದು ಗ್ರಾಮಕ್ಕೆ ಸೇರಿದ ಊರು. ಬಲಗಡೆ ನೇತ್ರಾವತಿ ಹರಿಯುತ್ತಾಳೆ. 1526ರಲ್ಲಿ ಪೋರ್ಚುಗೀಸ್ ಪಾದ್ರಿಗಳು ಸ್ಥಾಪಿಸಿದ್ದೆನ್ನುವ ಮೊಂತೆ ಮರಿಯಾನೊ ಇಗರ್ಜಿ ಇಲ್ಲಿದೆ. ಇತಿಹಾಸ ಹುಡುಕಿ ಬರುವವರು ಸಾಮಾನ್ಯವಾಗಿ ಅಲ್ಲಿಗೇ ಹೋಗುತ್ತಾರೆ. ನಾನು ಬಂದದ್ದು ಹೆದ್ದಾರಿಯ ಅಂಚಿನಲ್ಲಿ ತಗಡಿನ ಮಾಡು ಹೊದ್ದ ಒಂದು ರೇಡಿಯೇಟರ್ ಶೆಡ್ಡಿಗೆ.

ಇಂಥ ಶೆಡ್ಡುಗಳು ಈ ರಸ್ತೆಯ ಬದಿಯಲ್ಲಿ ನೆಲೆ ನಿಂತದ್ದಕ್ಕೆ ಕಾರಣವಿದೆ. ನವಮಂಗಳೂರು ಬಂದರಿನಿಂದ ಹೊರಟ ಲಾರಿ, ಗ್ಯಾಸ್ ಟ್ಯಾಂಕರುಗಳು ಇದೇ ದಾರಿಯಲ್ಲಿ ಉಪ್ಪಿನಂಗಡಿ, ಗುಂಡ್ಯ ಕಳೆದು ಶಿರಾಡಿ ಘಾಟಿ ಹತ್ತುತ್ತವೆ. ಕಡಲ ಮಟ್ಟದಲ್ಲಿ ಹೊರಟ ಎಂಜಿನ್ ಸಕಲೇಶಪುರ ಮುಟ್ಟುವಾಗ ಸುಮಾರು 950 ಮೀಟರ್ ಏರಿರುತ್ತದೆ. ಬಯಲಿನಲ್ಲಿ ಕಾಣದೆ ಉಳಿದ ರೇಡಿಯೇಟರ್ ದೋಷವೆಲ್ಲ ಆ ಏರಿನಲ್ಲಿ ಹೊರಬೀಳುತ್ತದೆ. 1914ರಲ್ಲಿ ಮಂಗಳೂರಿನಲ್ಲಿ ಸಿ.ಪಿ.ಸಿ. ಬಸ್ ಕಂಪನಿ ಹುಟ್ಟಿದಾಗಿನಿಂದಲೂ ಈ ಜಿಲ್ಲೆ ಖಾಸಗಿ ಬಸ್ಸುಗಳ ಜಿಲ್ಲೆ. ಬಸ್ಸಿದ್ದಲ್ಲಿ ಗ್ಯಾರೇಜ್, ಗ್ಯಾರೇಜ್ ಇದ್ದಲ್ಲಿ ರೇಡಿಯೇಟರ್ ಮೇಸ್ತ್ರಿ.

ಒಳಗೆ ಕಾಲಿಟ್ಟರೆ ಎಡಗೋಡೆಗೆ ಒರಗಿಸಿಟ್ಟ ಹಳೆಯ ರೇಡಿಯೇಟರುಗಳ ಸಾಲು. ಲಾರಿಯದ್ದು, ಟ್ರಾಕ್ಟರಿನದ್ದು, ಅಂಬಾಸಿಡರಿನದ್ದು. ಹಿತ್ತಾಳೆ ತಾಮ್ರದವು ಒಂದು ಕಡೆ, ಅಲ್ಯೂಮಿನಿಯಂ ಕೋರಿಗೆ (ನೀರು ತಣಿಯುವ ಜಾಲರಿಗೆ) ಪ್ಲಾಸ್ಟಿಕ್ ಟ್ಯಾಂಕ್ ಕೂರಿಸಿದ ಈಗಿನ ಕಾರುಗಳವು ಇನ್ನೊಂದು ಕಡೆ. ಹಿತ್ತಾಳೆಯ ಗುಂಪಿನಲ್ಲಿ ಪ್ರತಿಯೊಂದೂ ಇನ್ನೂ ಉಪಯೋಗಕ್ಕೆ ಬರುತ್ತದೆ. ಒಂದರ ಟ್ಯಾಂಕ್ ಇನ್ನೊಂದಕ್ಕೆ, ಇದರ ಮೂತಿ ಅದಕ್ಕೆ. ಪ್ಲಾಸ್ಟಿಕ್ಕಿನ ಗುಂಪು ಬಹುಪಾಲು ಗುಜರಿಗೆ ಹೋಗುವಂಥದ್ದು. ಬಲಗಡೆ ಕಬ್ಬಿಣದ ಮೇಜು, ಗ್ಯಾಸ್ ಸಿಲಿಂಡರ್, ಉದ್ದ ಮೂತಿಯ ಟಾರ್ಚು, ಸೀಸ ತವರ ಬೆರೆಸಿದ ಬೆಸುಗೆಯ ಕಡ್ಡಿಗಳು. ಹಿಂದುಗಡೆ ಸಿಮೆಂಟಿನ ನೀರಿನ ತೊಟ್ಟಿ. ಅದರ ಪಕ್ಕದಲ್ಲಿ, ಮೂತಿ ಬಿಚ್ಚಿಸಿಕೊಂಡು ನಿಂತಿದೆ ಒಂದು ಜೀಪು.

ಜೀಪು ಬೆಳ್ತಂಗಡಿ ತಾಲೂಕಿನ ದಿಡುಪೆ ಕಡೆಯದ್ದು. ಆ ಕಡೆಗೆ ಹೋದವರಿಗೆ ಜೀಪಿನ ಬೆಲೆ ವಿವರಿಸಬೇಕಿಲ್ಲ. ಮಲವಂತಿಗೆ ಗ್ರಾಮದ ಎಳನೀರಿಗೆ ದಿಡುಪೆಯಿಂದ ಕಾಡಿನ ಏರುದಾರಿ. ಅಲ್ಲಿನ ಜನ ರೇಶನ್ನಿಗೆ, ಆಸ್ಪತ್ರೆಗೆ, ತಾಲೂಕು ಕಚೇರಿಗೆ ಜೀಪನ್ನೇ ನಂಬಿದವರು. ಅಡಿಕೆ ತೋಟದ ಗೊಬ್ಬರ ಬರುವುದು ಜೀಪಿನಲ್ಲಿ, ಬಾಣಂತಿ ಮನೆಗೆ ಬರುವುದೂ ಜೀಪಿನಲ್ಲಿ. ಈ ಜೀಪಿನ ಮೂಲ ಎಂಜಿನ್ ಪ್ಯೂಜೊ ತಂತ್ರಜ್ಞಾನದ 2112 ಸಿಸಿ ಡೀಸೆಲ್. ಅದು ಸವೆದು, ಅದರ ಜಾಗಕ್ಕೆ ಬೊಲೆರೊದ 2523 ಸಿಸಿ ಟರ್ಬೊ ಡೀಸೆಲ್ ಎಂಜಿನ್ ಬಂದಿದೆ. ಎಂಜಿನ್ ಕೂತಿತು, ಗೇರ್‌ಬಾಕ್ಸ್ ಕೂಡಿತು, ಜೀಪು ಓಡಿತು. ಮೊದಲ ಏರಿನಲ್ಲೇ ನೀರು ಉಕ್ಕಿತು.

ಜೀಪಿನ ಯಜಮಾನರು ಕೇಳಿದ್ದು ಎಲ್ಲರೂ ಕೇಳುವುದನ್ನೇ. "ದೊಡ್ಡದು ಒಂದು ಹಾಕಿದ್ರೆ ಆಗ್ಲಿಕ್ಕಿಲ್ವಾ ಮೇಸ್ತ್ರಿಯವ್ರೆ?"

"ದೊಡ್ಡದು ಹಾಕ್ಲಿಕ್ಕೆ ಜಾಗ ಎಲ್ಲುಂಟು ಗೌಡ್ರೆ? ಹಾಕಿದ್ರೂ ಅದ್ರೊಳಗೆ ಗಾಳಿ ಹೋಗ್ಬೇಕಲ್ಲ?"

ಇಡೀ ಕೆಲಸದ ಗುಟ್ಟು ಆ ಮರುಪ್ರಶ್ನೆಯಲ್ಲಿದೆ. ಸ್ವಲ್ಪ ಲೆಕ್ಕ ಹಾಕಿ ನೋಡೋಣ. ಎಂಜಿನ್ನಿಗೆ ಹೊಯ್ದ ಡೀಸೆಲಿನ ಶಕ್ತಿಯಲ್ಲಿ ಸರಿಸುಮಾರು ಮೂರನೇ ಒಂದು ಪಾಲು ಗಾಲಿಗೆ ಹೋಗುತ್ತದೆ, ಇನ್ನೊಂದು ಪಾಲು ಸೈಲೆನ್ಸರಿನಿಂದ ಹೊಗೆಯ ಜೊತೆ ಹೊರಟುಹೋಗುತ್ತದೆ, ಉಳಿದದ್ದರಲ್ಲಿ ಹೆಚ್ಚಿನಂಶ ನೀರಿಗೆ ಸೇರುತ್ತದೆ. ಈ ಬೊಲೆರೊ ಎಂಜಿನ್ 63 ಅಶ್ವಶಕ್ತಿಯದ್ದು, ಅಂದರೆ ಸುಮಾರು 47 ಕಿಲೋವಾಟ್. ಅದು ಪೂರ್ತಿ ದಮ್ಮು ಕಟ್ಟಿ ಎಳೆಯುವಾಗ ನೀರಿಗೆ ಬೀಳುವ ಶಾಖ 30 ಕಿಲೋವಾಟಿನ ಆಸುಪಾಸು. ಬಚ್ಚಲುಮನೆಯ ಎರಡು ಕಿಲೋವಾಟಿನ ಗೀಸರುಗಳನ್ನು ಹದಿನೈದು ಒಟ್ಟಿಗೆ ಹಚ್ಚಿಟ್ಟಂತೆ. ಅಷ್ಟನ್ನೂ ಒಂದೂವರೆ ಅಡಿ ಚೌಕದ ಜಾಲರಿಯೊಂದು ಗಾಳಿಗೆ ದಾಟಿಸಬೇಕು.

ಮೇಲಿನ ಟ್ಯಾಂಕಿನಿಂದ ಕೆಳಗಿನ ಟ್ಯಾಂಕಿಗೆ ಇಳಿಯುವಷ್ಟರಲ್ಲಿ ನೀರು ಆರು ಡಿಗ್ರಿ ತಣ್ಣಗಾಗುತ್ತದೆಂದು ಇಟ್ಟುಕೊಂಡರೆ, ನಿಮಿಷಕ್ಕೆ ಸುಮಾರು 70 ಲೀಟರ್ ನೀರು ಓಡಬೇಕು. ಪಂಪ್ ಚೆನ್ನಾಗಿದ್ದರೆ ಅದು ಕಷ್ಟವಲ್ಲ. ಕಷ್ಟವಿರುವುದು ಗಾಳಿಯಲ್ಲಿ. ಹಾದುಹೋಗುವ ಗಾಳಿ 30 ಡಿಗ್ರಿ ಬಿಸಿಯೇರುತ್ತದೆಂದರೂ ಸೆಕೆಂಡಿಗೆ ಒಂದು ಕಿಲೋ ಗಾಳಿ ಬೇಕು. ಗಾತ್ರದಲ್ಲಿ ಹೇಳುವುದಾದರೆ ಸುಮಾರು 0.9 ಘನ ಮೀಟರ್, ಪ್ರತಿ ಸೆಕೆಂಡಿಗೆ. ಹೆದ್ದಾರಿಯಲ್ಲಿ 80 ಕಿಲೋಮೀಟರ್ ವೇಗದಲ್ಲಿ ಓಡುವ ಕಾರಿಗೆ ಅದು ಪುಕ್ಕಟೆ ಸಿಗುತ್ತದೆ. ಒಂದನೇ ಗೇರಿನಲ್ಲಿ ನಡೆಯುವ ವೇಗದಲ್ಲಿ ಏರುವ ಜೀಪಿಗೆ ಫ್ಯಾನ್ ಒಂದೇ ಗತಿ. ಎಂಜಿನ್ ಬದಲಿಸಿದವರಲ್ಲಿ ಬಹುತೇಕರು ನೀರಿನ ಬಗ್ಗೆ ಚಿಂತಿಸುತ್ತಾರೆ, ಗಾಳಿಯನ್ನು ಮರೆಯುತ್ತಾರೆ.

ಮೇಸ್ತ್ರಿ ಮೊದಲು ಮುಟ್ಟಿದ್ದು ರೇಡಿಯೇಟರನ್ನಲ್ಲ, ಗ್ರಿಲ್ಲಿನ ಹಿಂದಿನ ಜಾಗವನ್ನು. ಫ್ಯಾನಿನ ಎಲೆಯಿಂದ ಕೋರಿಗೆ ಎಷ್ಟು ಅಂತರ ಸಿಗುತ್ತದೆ, ಬಾನೆಟ್ ಇಳಿದಾಗ ಮುಚ್ಚಳಕ್ಕೆ ತಾಗುತ್ತದೆಯೇ, ಕೆಳಗಿನ ಹೋಸ್ ಸ್ಟೀರಿಂಗ್ ಬಾಕ್ಸಿಗೆ ಉಜ್ಜುತ್ತದೆಯೇ ಎಂದು ಒಂದೊಂದಾಗಿ ಟೇಪ್ ಹಿಡಿದು ನೋಡಿದರು. ಫ್ಯಾನಿಗೂ ಕೋರಿಗೂ ಒಂದು ಇಂಚಾದರೂ ಅಂತರ ಬೇಕೇ ಬೇಕು. ಎಂಜಿನ್ ರಬ್ಬರ್ ಮೌಂಟಿನ ಮೇಲೆ ಕೂತಿರುತ್ತದೆ, ಎಳೆತಕ್ಕೆ ಅಲುಗುತ್ತದೆ. ದಿಡುಪೆಯ ಹಳ್ಳ ದಾಟುವಾಗ ನೀರಿಗೆ ಬಡಿದ ಫ್ಯಾನಿನ ಎಲೆ ಮುಂದಕ್ಕೆ ಬಾಗಿ ಕೋರನ್ನೇ ಸೀಳಿದ ಉದಾಹರಣೆ ಈ ಶೆಡ್ಡಿಗೆ ಹೊಸದಲ್ಲ. ಅನುಭವಸ್ಥ ಚಾಲಕರು ಆಳದ ನೀರಿಗೆ ಇಳಿಯುವ ಮೊದಲು ಗ್ರಿಲ್ಲಿಗೆ ಟಾರ್ಪಾಲು ಕಟ್ಟುತ್ತಾರೆ, ಇಲ್ಲವೆ ಫ್ಯಾನ್ ಬೆಲ್ಟನ್ನೇ ಕಳಚಿಡುತ್ತಾರೆ.

ಅಳತೆ ಮುಗಿದ ಮೇಲೆ ಕೋರಿನ ವಿಚಾರ. ಹಳೆಯದರಲ್ಲಿ ಎರಡು ಸಾಲು ಟ್ಯೂಬು. ನಾಲ್ಕು ಸಾಲು ಹಾಕಿಸಬೇಕೆಂದು ಗೌಡರಿಗೆ ಯಾರೋ ಹೇಳಿದ್ದಾರಂತೆ. ಮೇಸ್ತ್ರಿ ಒಪ್ಪಲಿಲ್ಲ, ಅವರು ಒಪ್ಪದಿದ್ದದ್ದು ಸರಿ. ಮೊದಲ ಸಾಲಿಗೆ ತಣ್ಣನೆಯ ಗಾಳಿ ತಾಗುತ್ತದೆ. ಎರಡನೆಯದಕ್ಕೆ ಬೆಚ್ಚಗಾದ ಗಾಳಿ, ಮೂರನೆಯದಕ್ಕೆ ಬಿಸಿ ಗಾಳಿ. ನಾಲ್ಕನೆಯ ಸಾಲಿಗೆ ಮುಟ್ಟುವಾಗ ಗಾಳಿಗೆ ಇನ್ನಷ್ಟು ಶಾಖ ಹೊರುವ ಶಕ್ತಿ ಹೆಚ್ಚೇನೂ ಉಳಿದಿರುವುದಿಲ್ಲ. ಮೇಲಾಗಿ ದಪ್ಪ ಕೋರಿನೊಳಗಿಂದ ಗಾಳಿ ಎಳೆಯಲು ಫ್ಯಾನಿಗೆ ಹೆಚ್ಚು ಕಷ್ಟ. ಹೀಗಾಗಿ ಮೂರು ಸಾಲು, ಅದರ ಜೊತೆಗೆ ಅಗಲದಲ್ಲಿ ಸಿಕ್ಕಷ್ಟು ಹೆಚ್ಚುವರಿ ಜಾಗ ಎಂದು ತೀರ್ಮಾನವಾಯಿತು. ಮುಖದ ಅಗಲ ಕೊಡುವ ಲಾಭವನ್ನು ದಪ್ಪ ಎಂದೂ ಕೊಡುವುದಿಲ್ಲ.

ಈ ಜಾಲರಿಯ ಹಿಂದೆ ದೊಡ್ಡ ಚರಿತ್ರೆಯೇ ಇದೆ. ಮೊದಲ ಕಾರುಗಳು ನೀರನ್ನು ಕುದಿಸಿ ಕುದಿಸಿಯೇ ಓಡುತ್ತಿದ್ದವು, ದಾರಿಯುದ್ದಕ್ಕೂ ನೀರು ತುಂಬಿಸಬೇಕಿತ್ತು. 1900–01ರಲ್ಲಿ ಜರ್ಮನಿಯ ವಿಲ್‌ಹೆಲ್ಮ್ ಮೈಬಾಖ್ 35 ಅಶ್ವಶಕ್ತಿಯ ಮರ್ಸಿಡಿಸ್ ಕಾರಿಗಾಗಿ 8,070 ಪುಟ್ಟ ಚೌಕ ಕೊಳವೆಗಳನ್ನು ಬೆಸೆದು ಜೇನುಗೂಡು ರೇಡಿಯೇಟರ್ ಮಾಡಿದ. ಒಂದೊಂದು ಕೊಳವೆಯ ಅಳತೆ ಆರು ಮಿಲಿಮೀಟರ್. ಅದರಿಂದ ಕಾರು ಹೊರಬೇಕಾದ ನೀರು ಒಂಬತ್ತು ಲೀಟರಿಗೆ ಇಳಿಯಿತು. ಇವತ್ತು ಈ ಮೇಜಿನ ಮೇಲಿರುವ ಕೋರಿನಲ್ಲಿ ನೀರು ಚಪ್ಪಟೆ ಹಿತ್ತಾಳೆ ಟ್ಯೂಬಿನೊಳಗೆ ಓಡುತ್ತದೆ, ಟ್ಯೂಬಿನ ನಡುವೆ ತಾಮ್ರದ ತೆಳು ಫಿನ್ನು. ಮಾಡುವ ಬಗೆ ಬದಲಾಗಿದೆ, ಉಪಾಯ ಅದೇ. ಸ್ವಲ್ಪ ನೀರನ್ನು ಬಹಳಷ್ಟು ಲೋಹಕ್ಕೆ, ಆ ಲೋಹವನ್ನು ಬಹಳಷ್ಟು ಗಾಳಿಗೆ ತಾಗಿಸುವುದು.

ಈಗ ಟ್ಯಾಂಕಿನ ಕೆಲಸ. ನೋಡಲು ನನಗೆ ಹೆಚ್ಚು ಇಷ್ಟವಾದ ಭಾಗ ಇದು. ಬೊಲೆರೊ ಎಂಜಿನ್ನಿನ ನೀರಿನ ಬಾಯಿಗೂ ಹಳೆಯ ರೇಡಿಯೇಟರಿನ ಬಾಯಿಗೂ ದಿಕ್ಕು ಸೇರುವುದಿಲ್ಲ. ಗ್ಯಾರೇಜಿನವರು ಎರಡು ಹೋಸ್ ತುಂಡುಗಳ ನಡುವೆ ಕಬ್ಬಿಣದ ಪೈಪು ತುರುಕಿ ಹೇಗೋ ಸೇರಿಸಿದ್ದರು. ಪೈಪಿನ ಒಳಗೆ ಆಗಲೇ ತುಕ್ಕು. ಮೇಸ್ತ್ರಿ ಮೇಲಿನ ಟ್ಯಾಂಕಿನ ಹಳೆಯ ಮೂತಿಯನ್ನು ಟಾರ್ಚಿನ ಬೆಂಕಿಗೆ ಬಿಚ್ಚಿ, ಆ ತೂತಿಗೆ ಹಿತ್ತಾಳೆ ಹಾಳೆಯ ತೇಪೆ ಇಟ್ಟು ಬೆಸೆದರು. ಇನ್ನೊಂದು ಬದಿಯಲ್ಲಿ ಹೊಸ ತೂತು ಕೊರೆದು ಹೊಸ ಮೂತಿ ಕೂರಿಸಿದರು. ಮೂತಿಯ ತುದಿಯಲ್ಲಿ ಸಣ್ಣದೊಂದು ಏಣು ಎಬ್ಬಿಸಿದರು, ಕ್ಲಿಪ್ ಬಿಗಿದಾಗ ಹೋಸ್ ಜಾರದಿರಲಿ ಎಂದು. ಮೇಲೆ ಎಡದಲ್ಲಿ ಒಳಬಂದ ನೀರು ಕೆಳಗೆ ಬಲದಲ್ಲಿ ಹೊರಹೋಗಬೇಕು, ಆಗ ಕೋರಿನ ಎಲ್ಲ ಟ್ಯೂಬಿಗೂ ಪಾಲು ಸಿಗುತ್ತದೆ. ಪಂಪ್ ಎಳೆಯುವ ಕೆಳಗಿನ ಹೋಸಿನೊಳಗೆ ತಂತಿಯ ಸ್ಪ್ರಿಂಗ್ ಇರಬೇಕು. ಇಲ್ಲದಿದ್ದರೆ ಎಂಜಿನ್ ಓಟ ಹೆಚ್ಚಿದಾಗ ಹೋಸ್ ಒಳಕ್ಕೆ ಕುಗ್ಗಿ ನೀರು ನಿಲ್ಲುತ್ತದೆ, ನಿಲ್ಲಿಸಿ ನೋಡಿದರೆ ಎಲ್ಲವೂ ಸರಿ ಕಾಣುತ್ತದೆ. ಈ ಒಂದು ಸ್ಪ್ರಿಂಗ್ ಇಲ್ಲದೆ ಎಷ್ಟೋ ಜನ ರೇಡಿಯೇಟರನ್ನೇ ಬದಲಿಸಿದ್ದಾರೆ.

ಬೆಸುಗೆಗೆ ಮೊದಲು ಲೋಹದ ಮೈ ತೊಳೆಯಲು ಸತು ಕರಗಿಸಿದ ಆಮ್ಲ ಹಚ್ಚುತ್ತಾರೆ. ಕೆಲಸ ಮುಗಿದ ಮೇಲೆ ಅದನ್ನು ಸೋಡದ ನೀರಿನಲ್ಲಿ ಪೂರ್ತಿ ತೊಳೆಯಲೇಬೇಕು, ಉಳಿದ ಆಮ್ಲ ತಿಂಗಳುಗಳಲ್ಲಿ ಹಿತ್ತಾಳೆಯನ್ನೇ ತಿನ್ನುತ್ತದೆ. ತಿಳಿದವರು ಎರಡು ಸಲ ತೊಳೆಯುತ್ತಾರೆ. ಇಲ್ಲಿ ಒಂದು ಮಾತು ಕಟುವಾಗಿಯೇ ಹೇಳಬೇಕು. ಬೆಸುಗೆಯಲ್ಲಿ ಸೀಸವಿದೆ. ಇಷ್ಟು ಸೀಸ ದೇಹಕ್ಕೆ ಸೇರಿದರೆ ತೊಂದರೆಯಿಲ್ಲ ಎನ್ನುವ ಪ್ರಮಾಣ ಯಾವುದೂ ಇಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಗಾಳಿಯಾಡದ ಶೆಡ್ಡಿನಲ್ಲಿ ಮುಖ ಬಗ್ಗಿಸಿ ಕೆಲಸ ಮಾಡುವ ಹುಡುಗರು ಅದೇ ಕೈಯಲ್ಲಿ ಚಾ ಕುಡಿದು, ಅದೇ ಅಂಗಿಯಲ್ಲಿ ಮನೆಗೆ ಹೋಗಿ ಮಗುವನ್ನು ಎತ್ತಿಕೊಳ್ಳುತ್ತಾರೆ. ಮೇಜಿನ ಪಕ್ಕ ಒಂದು ಎಕ್ಸಾಸ್ಟ್ ಫ್ಯಾನು, ಸಾಬೂನು, ಬೇರೆ ಅಂಗಿ: ಇಷ್ಟಕ್ಕೆ ಹೆಚ್ಚು ಖರ್ಚಿಲ್ಲ. ತೊಳೆದ ನೀರು, ಹಳೆಯ ಕೂಲೆಂಟ್ ಎರಡನ್ನೂ ಚರಂಡಿಗೆ ಬಿಡಬಾರದು. ಚರಂಡಿ ಹೋಗಿ ಸೇರುವುದು ನೇತ್ರಾವತಿಯನ್ನೇ. ಸ್ವಲ್ಪ ಮೇಲೆ ತುಂಬೆಯ ಕಿಂಡಿ ಅಣೆಕಟ್ಟಿನಿಂದ ಮಂಗಳೂರು ಕುಡಿಯುತ್ತದೆ, ಕೆಳಗೆ ಹರೇಕಳದಲ್ಲೂ ಅಣೆಕಟ್ಟಿದೆ. ಕೂಲೆಂಟಿನಲ್ಲಿರುವ ಗ್ಲೈಕಾಲ್ ಸಿಹಿ ರುಚಿಯ ವಿಷ, ನೆಕ್ಕಿದ ನಾಯಿ ಬದುಕುವುದು ಕಷ್ಟ.

ಮುಚ್ಚಳದ ವಿಚಾರವನ್ನು ಹೆಚ್ಚಿನವರು ಲಕ್ಷಿಸುವುದಿಲ್ಲ. ಹಲವು ರೇಡಿಯೇಟರ್ ಮುಚ್ಚಳಗಳ ಮೇಲೆ 0.9 ಎಂದು ಬರೆದಿರುತ್ತದೆ, ಅದು ಬಾರ್ ಲೆಕ್ಕದ ಒತ್ತಡ. ಅಷ್ಟು ಒತ್ತಡ ಒಳಗೆ ನಿಂತರೆ ನೂರು ಡಿಗ್ರಿಗೆ ಕುದಿಯುವ ನೀರು ಸುಮಾರು 119 ಡಿಗ್ರಿವರೆಗೆ ಕುದಿಯದೆ ಇರುತ್ತದೆ. ಮುಚ್ಚಳದ ರಬ್ಬರ್ ಒಣಗಿದರೆ ಆ ರಕ್ಷಣೆ ಹೋಯಿತು. ಈ ಜೀಪಿನಲ್ಲಿ ಇನ್ನೊಂದು ತೊಡಕಿತ್ತು. ಬಾನೆಟ್ ತಗ್ಗು, ಹೊಸ ಎಂಜಿನ್ನಿನ ತಲೆ ಎತ್ತರ. ರೇಡಿಯೇಟರಿನ ಮುಚ್ಚಳಕ್ಕಿಂತ ಎಂಜಿನ್ನಿನ ನೀರಿನ ಬಾಯಿ ಮೇಲಿತ್ತು. ನೀರು ತುಂಬಿಸಿದಷ್ಟೂ ಗಾಳಿ ಎಂಜಿನ್ ತಲೆಯಲ್ಲೇ ಸಿಕ್ಕಿಕೊಳ್ಳುತ್ತದೆ, ಅಲ್ಲಿ ಲೋಹ ಕಾಯುತ್ತದೆ, ಹೆಡ್ ಗ್ಯಾಸ್ಕೆಟ್ ಹೋಗುತ್ತದೆ. ಇದಕ್ಕೆ ಮೇಸ್ತ್ರಿ ಮಾಡಿದ ಪರಿಹಾರ ಅಚ್ಚುಕಟ್ಟಾದದ್ದು. ಹಿತ್ತಾಳೆಯಲ್ಲಿ ಪುಟ್ಟ ಟ್ಯಾಂಕೊಂದನ್ನು ಕಟ್ಟಿ, ಎಂಜಿನ್ ಹಿಂದಿನ ತಗಡುಗೋಡೆಯ ಮೇಲೆ ಎಲ್ಲಕ್ಕಿಂತ ಎತ್ತರದಲ್ಲಿ ಕೂರಿಸಿ, ಒತ್ತಡದ ಮುಚ್ಚಳವನ್ನು ಅಲ್ಲಿಗೆ ವರ್ಗಾಯಿಸಿದರು. ರೇಡಿಯೇಟರಿನಿಂದಲೂ ಎಂಜಿನ್ ತಲೆಯಿಂದಲೂ ಅದಕ್ಕೆ ಒಂದೊಂದು ಸಣ್ಣ ನಾಳ, ಅದರ ತಳದಿಂದ ಪಂಪಿಗೆ ಒಂದು. ಗಾಳಿ ತಾನಾಗಿ ಮೇಲೇರಿ ಅಲ್ಲಿಗೆ ಹೋಗುತ್ತದೆ.

ಆಮೇಲೆ ಫ್ಯಾನಿಗೆ ತಗಡಿನ ಕವಚ. ನೋಡಲು ಇದು ಅತಿ ಸಾಮಾನ್ಯ ಕೆಲಸ, ಆದರೆ ಈ ಜೀಪನ್ನು ಉಳಿಸುವುದು ಇದೇ ಎಂದು ನನ್ನ ಅಭಿಪ್ರಾಯ. ಕವಚವಿಲ್ಲದ ಫ್ಯಾನ್ ತನ್ನೆದುರಿನ ದುಂಡು ಜಾಗದಿಂದ ಮಾತ್ರ ಗಾಳಿ ಎಳೆಯುತ್ತದೆ, ಕೋರಿನ ನಾಲ್ಕು ಮೂಲೆಗಳು ಸುಮ್ಮನೆ ಕೂತಿರುತ್ತವೆ. ಕವಚ ಹಾಕಿ, ಫ್ಯಾನಿನ ಎಲೆ ಅರ್ಧ ಒಳಗೆ ಅರ್ಧ ಹೊರಗೆ ಇರುವಂತೆ ನಿಲ್ಲಿಸಿದರೆ ಕೋರಿನ ಇಡೀ ಮುಖ ದುಡಿಯುತ್ತದೆ. ಕೋರಿನ ಪಕ್ಕಗಳಲ್ಲಿ ಉಳಿದ ಸಂದಿಗೆ ರಬ್ಬರ್ ಪಟ್ಟಿ. ಇಲ್ಲದಿದ್ದರೆ ಎಂಜಿನ್ನಿನ ಬಿಸಿ ಗಾಳಿ ತಿರುಗಿ ಮುಂದಕ್ಕೆ ಬಂದು ಮತ್ತೆ ಕೋರಿನೊಳಗೆ ನುಗ್ಗುತ್ತದೆ. ಗೌಡರಿಗೆ ಕರೆಂಟಿನ ಫ್ಯಾನಿನ ಆಸೆಯಿತ್ತು. ಪೇಟೆಯ ಟ್ರಾಫಿಕ್ಕಿನಲ್ಲಿ ನಿಂತಲ್ಲೇ ನಿಲ್ಲುವ ಕಾರಿಗೆ ಅದು ಒಳ್ಳೆಯದು. ಕೆಳಗಿನ ಗೇರಿನಲ್ಲಿ ಎಂಜಿನ್ ಜೋರಾಗಿ ಸುತ್ತುತ್ತಲೇ ಇರುವ ಗುಡ್ಡದ ಜೀಪಿಗೆ ಬೆಲ್ಟಿನ ಫ್ಯಾನೇ ಸರಿ. ಹಳ್ಳದ ನೀರಿಗೆ, ಕೆಸರಿಗೆ ಕೆಡುವ ವೈರು ಸ್ವಿಚ್ಚು ಅದರಲ್ಲಿಲ್ಲ.

ರೇಡಿಯೇಟರನ್ನು ಚಾಸಿಗೆ ಬೋಲ್ಟಿನಿಂದ ಬಿಗಿದು ಕಟ್ಟಿದರೆ ಕೆಲಸವೆಲ್ಲ ನೀರು ಪಾಲು. ಹೊಂಡಕ್ಕೆ ಒಂದು ಚಕ್ರ ಇಳಿದಾಗ ಜೀಪಿನ ಚೌಕಟ್ಟೇ ತಿರುಚುತ್ತದೆ, ಆ ತಿರುಚು ನೇರವಾಗಿ ಟ್ಯಾಂಕ್ ಕೋರು ಸೇರುವ ಬೆಸುಗೆಯನ್ನು ಒಡೆಯುತ್ತದೆ. ಕೆಳಗೆ ಎರಡು ರಬ್ಬರ್ ಬುಶ್ಶು, ಮೇಲೆ ಎರಡು ಸರಳು, ಅಷ್ಟೇ. ಆ ಹಿಡಿತದೊಳಗೆ ರೇಡಿಯೇಟರ್ ಸ್ವಲ್ಪ ಅಲುಗಾಡಬೇಕು.

ಕೊನೆಗೆ ತೊಟ್ಟಿ. ಮೂತಿಗಳನ್ನು ರಬ್ಬರಿನಿಂದ ಮುಚ್ಚಿ, ಗಾಳಿ ತುಂಬಿ ನೀರಿನಲ್ಲಿ ಮುಳುಗಿಸಿದರು. ಕೆಳಗಿನ ಟ್ಯಾಂಕಿನ ಮೂಲೆಯಿಂದ ಸಾಸಿವೆಯಷ್ಟು ಸಣ್ಣ ಗುಳ್ಳೆಗಳು. ಹುಡುಗ ಸೀಮೆಸುಣ್ಣದಲ್ಲಿ ಗುರುತು ಹಾಕಿದ, ಮತ್ತೆ ಮೇಜಿಗೆ, ಮತ್ತೆ ಬೆಂಕಿ, ಮತ್ತೆ ತೊಟ್ಟಿ. ಗುಳ್ಳೆ ನಿಂತ ಮೇಲೆ ಕಪ್ಪು ಬಣ್ಣದ ತೆಳು ಕೈ. ದಪ್ಪ ಬಳಿದರೆ ಬಣ್ಣವೇ ಶಾಖಕ್ಕೆ ಅಡ್ಡ ನಿಲ್ಲುತ್ತದೆ.

ಎಂಜಿನ್ನಿಗೆ ಥರ್ಮೋಸ್ಟ್ಯಾಟ್ ಕೂಡ ಮರಳಿ ಬಂತು. ಜೀಪು ಹೀಟಾಗುತ್ತದೆಂದು ಯಾರೋ ಅದನ್ನು ತೆಗೆದೆಸೆದಿದ್ದರು. ನಮ್ಮಲ್ಲಿ ಇದು ಬಹಳ ಬೇರೂರಿದ ತಪ್ಪು ನಂಬಿಕೆ. ಸುಮಾರು 82 ಡಿಗ್ರಿಗೆ ತೆರೆಯುವ ಆ ವಾಲ್ವ್ ಎಂಜಿನ್ನನ್ನು ಬೇಗ ಹದಕ್ಕೆ ತರುತ್ತದೆ. ಅದಿಲ್ಲದೆ ತಣ್ಣಗೆ ಓಡಿದ ಡೀಸೆಲ್ ಎಂಜಿನ್ ಹೆಚ್ಚು ಎಣ್ಣೆ ಕುಡಿಯುತ್ತದೆ, ಬೇಗ ಸವೆಯುತ್ತದೆ. ಏರಿನಲ್ಲಿ ಕುದಿಯುವ ರೋಗಕ್ಕೆ ಅದನ್ನು ತೆಗೆದೆಸೆಯುವುದು ಮದ್ದೇ ಅಲ್ಲ.

ಶಾಖವನ್ನು ಗಾಳಿಗೆ ದಾಟಿಸುವ ಇದೇ ಲೆಕ್ಕಾಚಾರವನ್ನು ಕರಾವಳಿಯ ಎಂಜಿನಿಯರಿಂಗ್ ಹುಡುಗರೂ ಮಾಡುತ್ತಾರೆ. ಸುರತ್ಕಲ್ಲಿನ ಎನ್‌ಐಟಿಕೆ ರೇಸಿಂಗ್, ಮಣಿಪಾಲದ ಫಾರ್ಮುಲಾ ಮಣಿಪಾಲ್ ತಂಡಗಳು ಬೈಕಿನ ಎಂಜಿನ್ನನ್ನು ತಾವೇ ಕಟ್ಟಿದ ಪುಟ್ಟ ರೇಸ್ ಕಾರಿಗೆ ಕೂರಿಸಿದಾಗ ಅವರ ಮುಂದೆ ನಿಂತದ್ದೂ ಈ ಪ್ರಶ್ನೆಯೇ. ವಿದ್ಯಾರ್ಥಿಗಳ ಆ ರೇಸ್ ಸ್ಪರ್ಧೆಗಳಲ್ಲಿ ಎಂಜಿನ್ನಿಗೆ ಗ್ಲೈಕಾಲ್ ಹಾಕುವಂತಿಲ್ಲ, ಬರೀ ನೀರು. ಗ್ಲೈಕಾಲ್ ಟ್ರ್ಯಾಕಿಗೆ ಚೆಲ್ಲಿದರೆ ಹಿಂದಿನ ಕಾರು ಜಾರುತ್ತದೆ. ಕಂಪ್ಯೂಟರಿನಲ್ಲಿ ಗಾಳಿಯ ಓಟ ಬಿಡಿಸಬಲ್ಲ ವಿದ್ಯಾರ್ಥಿಗೂ ಕಿವಿಯಲ್ಲಿ ಫ್ಯಾನಿನ ಸದ್ದು ಕೇಳಿ ಕವಚ ಸರಿಯಿಲ್ಲವೆಂದು ಹೇಳಬಲ್ಲ ಮೇಸ್ತ್ರಿಗೂ ಭೇಟಿಯಾಗಬೇಕು. ಮೂಡುಬಿದಿರೆ ಸುತ್ತಲಿನ ಮತ್ತು ಬೆಂಜನಪದವಿನ ಕಾಲೇಜುಗಳಿಂದ ಫರಂಗಿಪೇಟೆ ಏನೂ ದೂರವಲ್ಲ. ಬೆಸುಗೆಯ ಮೇಜಿನ ಬಳಿ ಈಗ ಹೊಸ ಹುಡುಗರು ಕಡಿಮೆ. ಕಾರು ಕಂಪನಿಗಳೆಲ್ಲ ಅಲ್ಯೂಮಿನಿಯಂಗೆ ಹೋಗಿವೆ. ಅದು ಹಗುರ, ಅಗ್ಗ, ಕಾರ್ಖಾನೆಗೆ ಸುಲಭ. ಪ್ಲಾಸ್ಟಿಕ್ ಟ್ಯಾಂಕ್ ಬಿರಿದರೆ ಬೆಸೆಯುವಂತಿಲ್ಲ, ಹೊಸದೇ ಬೇಕು. ಎಳನೀರಿನ ದಾರಿಯಲ್ಲಿ ಹೊಸದು ಎಲ್ಲಿ ಸಿಗುತ್ತದೆ? ಹಿತ್ತಾಳೆಯ ರೇಡಿಯೇಟರಿಗೆ ತೂತು ಬಿದ್ದರೆ ಉಜಿರೆಯಲ್ಲೋ ಬೆಳ್ತಂಗಡಿಯಲ್ಲೋ ಟಾರ್ಚು ಹಿಡಿದವನೊಬ್ಬ ಸಾಕು. ಗುಡ್ಡದ ದಾರಿಯ ವಾಹನಕ್ಕೆ ಇವತ್ತಿಗೂ ಇದೇ ಮೇಲು ಎಂದು ನಾನು ಖಂಡಿತವಾಗಿ ಹೇಳುತ್ತೇನೆ.

ಎಂಜಿನ್ ಬದಲಿಸುವ ಯೋಚನೆಯಲ್ಲಿರುವ ಓದುಗರಿಗೆ ಎರಡು ವಿನಂತಿ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ಆರ್.ಸಿ.ಯಲ್ಲಿರುವ ವಿವರಕ್ಕೂ ತಯಾರಕರ ಮೂಲ ವಿವರಕ್ಕೂ ವ್ಯತ್ಯಾಸ ಬರುವಂತೆ ವಾಹನವನ್ನು ಮಾರ್ಪಡಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟೂ ಅದನ್ನೇ ಎತ್ತಿಹಿಡಿದಿದೆ. ಆದ್ದರಿಂದ ಎಂಜಿನ್ ಕೊಳ್ಳುವ ಮೊದಲು ನಿಮ್ಮ ಸಾರಿಗೆ ಕಚೇರಿಗೆ, ಬಂಟ್ವಾಳದವರಾದರೆ ಕೆಎ-70ರ ಕಚೇರಿಗೆ, ಹೋಗಿ ಯಾವುದಕ್ಕೆ ಅನುಮತಿ ಸಿಗುತ್ತದೆಂದು ಕೇಳಿಕೊಳ್ಳಿ. ಅನುಮತಿ ಸಿಕ್ಕಿದ ಮೇಲೆ, ಎಂಜಿನ್ನಿಗೆ ಮೌಂಟ್ ಬೆಸೆಯುವ ಮುಂಚೆಯೇ ರೇಡಿಯೇಟರ್ ಮೇಸ್ತ್ರಿಯನ್ನು ಕರೆದು ಅಳತೆ ತೆಗೆಸಿ. ಎಂಜಿನ್ನನ್ನು ಎರಡು ಇಂಚು ಹಿಂದಕ್ಕೆ ಕೂರಿಸಲು ಆಗ ಖರ್ಚಿಲ್ಲ.